ಕಾವಲುಗಾರನ ಮೊದಲ ಕರೆ

ನನ್ನ ಗಂಡ ಮೊಬೈಲ್ ಅಂಗಡಿ ಶುರುಮಾಡಿದ್ದು ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ. ಈಗ ಯಾವ ಸರ್ಕಲ್ಲಿಗೆ ಹೋದರೂ ಅವರ ಬೋರ್ಡು ಕಣ್ಣಿಗೆ ಹೊಡೆಯುತ್ತದೆ. ದಾನದಲ್ಲೂ ಕೈ ದೊಡ್ಡದು. ಶಾಲೆ, ಆಸ್ಪತ್ರೆ, ಅನಾಥಾಶ್ರಮ ಎಲ್ಲಕ್ಕೂ ಫೋನು ಕೊಟ್ಟಿದ್ದಾರೆ, ಜೊತೆಗೊಂದು ಭಾಷಣ ಉಚಿತ.

ಅವರ ಅಂಗಡಿಗಳಲ್ಲಿ ಒಂದು ಪದ್ಧತಿ ಇದೆ. ಹೊಸ ಫೋನು ಕೊಂಡವರು ಕೌಂಟರಿನಲ್ಲೇ ನಿಂತು ತಮಗೆ ಬೇಕಾದವರಿಗೆ ಮೊದಲ ಕರೆ ಮಾಡಬೇಕು, ಆಮೇಲೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ನನಗಿದು ಬರೀ ನಾಟಕ ಅನಿಸುತ್ತಿತ್ತು. ಆದರೆ ಎಷ್ಟೋ ಜನ ಅಲ್ಲೇ ಕಣ್ಣೊರೆಸಿಕೊಂಡಿದ್ದನ್ನೂ ನೋಡಿದ್ದೇನೆ.

ಗೂಡು ಬಿಟ್ಟಮೇಲೆ ಹಾಕಿದ ಮೊದಲ ಅಂಗಡಿಯ ಕಾವಲುಗಾರ ತಾತನನ್ನು ಬೀಳ್ಕೊಡುವ ದಿನವೂ ಅದೇ ಏರ್ಪಾಡು. ಕ್ಯಾಮೆರಾ ಬಂದಮೇಲೆ ಕಾವಲು ಬೇಡವಾಗಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲೇ ಮಲಗಿ ಎದ್ದು ಮುದುಕನಾದ ಮನುಷ್ಯ, ಇನ್ನಾದರೂ ಅಕ್ಕನ ಮನೆಯಲ್ಲಿ ಹಾಯಾಗಿರಲಿ ಎಂದು ನನ್ನವರು ಎಲ್ಲರೆದುರು ಹೊಗಳಿ, ದುಬಾರಿ ಫೋನೊಂದನ್ನು ಅವನ ಕೈಗಿಟ್ಟರು.

"ಮಾಡಿ ತಾತ, ಮೊದಲ ಕರೆ ನಿಮ್ಮಕ್ಕನಿಗೇ ಮಾಡಿ."

ತಾತ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಅಕ್ಕ ಹೋಗಿ ಬಹಳ ದಿನ ಆಯ್ತಲ್ಲ ಸಾಹುಕಾರ್ರೇ."

ಚಪ್ಪಾಳೆಗೆಂದು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ನನಗೂ ಗೊತ್ತಿರಲಿಲ್ಲ, ನಾಚಿಕೆಯಿಂದ ತಲೆ ತಗ್ಗಿತು. ದೂರದವರನ್ನು ಹತ್ತಿರ ತರುತ್ತೇವೆ ಎಂದು ಬೋರ್ಡು ಬರೆಸಿದವರು ನಾವು.

"ಹಾಗಾದ್ರೆ... ಬೇರೆ ಯಾರಿಗಾದ್ರೂ ಮಾಡಿ," ಎಂದು ನನ್ನವರು ತಡವರಿಸಿದರು.

ತಾತ ಬಾಯಿಪಾಠವಾಗಿದ್ದ ಒಂದೇ ಒಂದು ನಂಬರನ್ನು ನಿಧಾನವಾಗಿ ಒತ್ತಿದ. ಕೌಂಟರಿನ ಮೇಲಿದ್ದ ಅಂಗಡಿಯ ಹಳೇ ಫೋನು ಬಡಿದುಕೊಂಡಿತು. ಯಾರೋ ನಕ್ಕರು. ನನ್ನವರಿಗೂ ನಗು ಬಂತು, ಹೋದ ಜೀವ ಬಂದಂತಾಯಿತು. ರಿಸೀವರ್ ಎತ್ತಿ ಎಂದಿನ ಗತ್ತಿನಲ್ಲಿ, "ನಮಸ್ಕಾರ, ಹೇಳಿ, ಏನು ಬೇಕಿತ್ತು?" ಎಂದರು.

ಮಾರುದೂರದಲ್ಲಿದ್ದ ತಾತ ಅವರ ಮುಖ ನೋಡದೆ ಫೋನಿನೊಳಗೇ ಕೇಳಿದ. "ಇವತ್ತಿಂದ ನಾನು ಎಲ್ಲಿ ಮಲಗ್ಲಿ ಸಾಹುಕಾರ್ರೇ?"

ಹಿಂದಿನ ಕೋಣೆಯ ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಲು ಗಾರೆಯವರು ಆಗಲೇ ಬಾಗಿಲಲ್ಲಿ ಕಾಯುತ್ತಿದ್ದರು. ಮಾತಿಗೆ ಎಂದೂ ಬರವಿಲ್ಲದ ನನ್ನ ಗಂಡ ನನ್ನ ಕಡೆ ನೋಡಿದರು. ಅವರಿಬ್ಬರೂ ಫೋನು ಕಿವಿಗಿಟ್ಟುಕೊಂಡೇ ನಿಂತರು, ಯಾರೂ ಇಡಲಿಲ್ಲ.