ಖಣಿ ದಂಡೆಯ ಕೂಸು

ಎಷ್ಟು ತಣ್ಣಗಿದೆ ಈ ಪುಟ್ಟ ಕೈ, ಇಂಥ ರಣಬಿಸಿಲಿನಲ್ಲೂ — ಶಿವಕಾಂತಮ್ಮ ಹಿಡಿತ ಸಡಿಲಿಸಲಿಲ್ಲ, ಸಡಿಲಿಸಿದರೆ ಸುಂದ್ರಿ ಮತ್ತೆ ಕಲ್ಲಿನ ಖಣಿಯ ಕಡೆಗೇ ಓಡುತ್ತಾಳೆ, ಈಗಷ್ಟೇ ಓಡಿದಳಲ್ಲ, ಲಂಗದ ಚುಂಗು ಕೈಗೆ ಸಿಕ್ಕಿದ್ದೇ ಪುಣ್ಯ, ಕಾಲಿನ ಕಟ್ಟು ಬಿಚ್ಚಬ್ಯಾಡ್ರಿ ಅಕ್ಕೋರ ಅಂದಿದ್ದಳು ಭೀಮಬಾಯಿ, ಇವಳ ತಾಯಿ, ತಲೆ ಮೇಲಿನ ಫರಸಿಕಲ್ಲಿನ ಚಪ್ಪಡಿ ಇಳಿಸದೆಯೇ, ಬಿಚ್ಚಿದ್ರ ನೀವೇ ಹಿಡಕೊಂಡು ಕುಂದರಬೇಕಾಗ್ತದ ನೋಡ್ರಿ, ಕುಂದರ್ತೀನಿ ಬಿಡವ್ವ ಅಂದು ಬಿಚ್ಚಿಬಿಟ್ಟಿದ್ದಳು ತಾನು, ಎಂಥ ಠೀವಿ! ಬೇವಿನ ಗಿಡಕ್ಕೆ ಹಳೆ ಸೀರೆಯ ಚೂರಿನಿಂದ ಕಾಲು ಕಟ್ಟಿ ಕೂರಿಸಿದ ಕೂಸು, ಮೂರು ತುಂಬಿದರೂ ಒಂದು ಮಾತಿಲ್ಲ, ಆಡಬೇಕಾದ ಮಗುವನ್ನು ಕಟ್ಟಿಹಾಕಿದರೆ ಮಾತು ಎಲ್ಲಿಂದ ಬರಬೇಕು — ಗುಲ್ಬರ್ಗದ ಕಾಲೇಜಿನಲ್ಲಿ ಸಮಾಜಕಾರ್ಯದ ಪಾಠ ಹೇಳಲು ಶುರುಮಾಡಿದಂದಿನಿಂದ ಇದನ್ನೇ ಹೇಳುತ್ತ ಬಂದಿದ್ದಾಳೆ, ಬೆಂಗಳೂರಿನ ಸಭೆಯಲ್ಲೂ ಹೇಳಿ ಚಪ್ಪಾಳೆ ಗಿಟ್ಟಿಸಿದ್ದಾಳೆ, ಹೇಳುವುದಕ್ಕೇನು, ತಂಪಾದ ಕೋಣೆ, ಗಾಜಿನ ಲೋಟದಲ್ಲಿ ನೀರು. ಇಲ್ಲಿ ನೀರು ಹಸಿರು, ಕೆಳಗೆ, ಕಲ್ಲು ತೆಗೆದು ಬಿಟ್ಟ ಹಾಳುಗುಂಡಿಯಲ್ಲಿ, ಹೋದ ಮಳೆಗಾಲ ಇಲ್ಲೇ ಕಲ್ಲು ಒಡೆಯುವ ಗೊಲ್ಲಾಳಪ್ಪನ ಮಗ ಹೆಣವಾಗಿ ತೇಲಿದ್ದು ಅದರಲ್ಲೇ, ಆಮೇಲೆ ತಾನು ಯಾರ್ಯಾರದೋ ಕೈಕಾಲು ಹಿಡಿದು ಈ ರಾವೂರಿಗೆ ಬಾಲವಾಡಿ ತರಿಸಿದ್ದು, ಬಣ್ಣದ ಚಿತ್ರ, ಮರದ ಕುದುರೆ, ತೆರೆದ ದಿನ ಎಷ್ಟು ಅತ್ತಿದ್ದಳು ಖುಷಿಗೆ! ಇವತ್ತು ನೋಡಿದರೆ ಬಾಗಿಲಿಗೆ ಬೀಗ, ಟೀಚರಮ್ಮ ಮದುವಿ ಆಗಿ ಹ್ವಾದರ್ರಿ, ಬ್ಯಾರೆದವ್ರು ಯಾರೂ ಬರಲಿಲ್ರಿ, ಕೂಲಿಗಳ ಮೇಲಿನ ಮುಕಾದಮ ಖಾಜಾಮಿಯಾ ಬೀಡಿ ಮರೆಮಾಡುತ್ತ ಹೇಳಿದ್ದ, ಕಿಟಕಿಯಲ್ಲಿ ಇಣುಕಿದರೆ ಒಳಗೆ ಯಾರದೋ ಜೋಳದ ಚೀಲಗಳು, ಕುದುರೆಯ ಮೂತಿ ಮಾತ್ರ ಕಾಣುತ್ತಿತ್ತು.

ತಾನು ಹಿಡಿಯಬೇಕಾದ ವಾಡಿಯ ಬಸ್ಸು ದೂರದಲ್ಲಿ ಧೂಳೆಬ್ಬಿಸಿತು, ಇವತ್ತಿಗೆ ಅದೇ ಕೊನೆಯದು, ಭೀಮಬಾಯಿ ಮತ್ತೊಂದು ಕಲ್ಲು ಹೊತ್ತು ಬರುತ್ತಿದ್ದಾಳೆ, ಗಿಡದ ಮುಂದಿನಿಂದಲೇ ಅವಳ ದಾರಿ, ಪ್ರತಿ ಸಲವೂ ಕೂಸನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ, ಕೆಟ್ಟ ತಾಯಿಯಲ್ಲ, ಅಯ್ಯೋ, ಕೆಟ್ಟ ತಾಯಿಯಾಗಿದ್ದರೆ ಎಷ್ಟು ಸುಲಭವಿತ್ತು. ನಾನು ಗುಲ್ಬರ್ಗಕ್ಕ ಕರಕೊಂಡು ಹೋಗ್ಲೇನವ್ವ ಇಕಿನ್ನ, ಅಲ್ಲೊಂದು ಅನಾಥಾಲಯ ಅದ — ಅಂದಳು ಶಿವಕಾಂತಮ್ಮ, ಅನ್ನುತ್ತಿದ್ದಂತೆಯೇ ನಾಲಿಗೆ ಕಚ್ಚಿಕೊಂಡಳು. ನಾ ಸತ್ತೀನೇನ್ರಿ ಅಕ್ಕೋರ? ಕಲ್ಲಿನ ಕೆಳಗಿಂದ ಬಂದ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಇವತ್ತು ನೀವು ಹಿಡದ್ರಿ, ಛಲೋ ಆಯ್ತು, ನಾಳಿಗಿ ಯಾರು ಹಿಡೀತಾರ್ರಿ? ಕಟ್ರಿ, ನೀವೇ ಕಟ್ಟಿ ಹೋಗ್ರಿ, ನನ್ನ ಕೈ ಖಾಲಿ ಇಲ್ಲ. ಇಷ್ಟು ಓದಿದ್ದರಲ್ಲಿ, ಇಷ್ಟು ಬರೆದಿದ್ದರಲ್ಲಿ ಒಂದಾದರೂ ಉತ್ತರ ಇರಬೇಕಲ್ಲ, ಹುಡುಕಿದಳು, ಬಸ್ಸಿನ ಹಾರ್ನ್, ನಾಳೆಗೆ ಯಾರು, ನಾಡಿದ್ದು ಯಾರು — ಬಗ್ಗಿ ಆ ಸೀರೆಯ ಚೂರು ಎತ್ತಿಕೊಂಡಳು, ಕೂಸು ಕಿರುಚುತ್ತದೆ, ಕಿರುಚಲಿ, ಒದೆಯಲಿ, ಕೈ ಕಚ್ಚಲಿ, ಆದರೆ ಸುಂದ್ರಿ ಅದನ್ನು ಕಂಡದ್ದೇ ಕೊಸರಾಟ ಬಿಟ್ಟಳು, ಗಿಡದ ಬುಡಕ್ಕೆ ಹೋಗಿ ಕೂತಳು, ತಾನಾಗಿಯೇ ಎಡಗಾಲು ಮುಂದೆ ಚಾಚಿದಳು, ಕಾಲಹರಡಿನ ಸುತ್ತ ಕಟ್ಟು ಉಜ್ಜಿದ ಕಪ್ಪು ಗೆರೆ, ಆ ಕಾಲು, ಅಕ್ಕೋರು ಕಟ್ಟಲೆಂದು ಚಾಚಿಕೊಂಡೇ ಇರುವ ಆ ಕಾಲು —