ನೂರ ಎಂಬತ್ತಾರು ಕಾರ್ಡು

"ವೆಂಕಟ್ರಮಣಣ್ಣ, ಎನ್ನ ರಕ್ತವೇ ಬದಲಾಗೋತಲೋ!"

ಗೆಳೆಯ ಸುಜಯ ನಗುತ್ತಲೇ ಪ್ಲಾಸ್ಟಿಕ್ ಕಾರ್ಡೊಂದನ್ನು ಕೌಂಟರಿನ ಮೇಲೆ ಇಟ್ಟ. ಯಲ್ಲಾಪುರ ಬಸ್‌ಸ್ಟ್ಯಾಂಡಿನ ಎದುರಿನ ವೆಂಕಟ್ರಮಣನ ಝೆರಾಕ್ಸ್ ಅಂಗಡಿಯ ಶಟರ್ ಆಗಿನ್ನೂ ಅರ್ಧ ಮಾತ್ರ ಮೇಲೆದ್ದಿತ್ತು. ಕಾರ್ಡಿನಲ್ಲಿ ಸುಜಯನ ಹೆಸರು, ಅದರ ಕೆಳಗೆ ಕೆಂಪಕ್ಷರದಲ್ಲಿ ಬಿ ಪಾಸಿಟಿವ್ ಎಂದಿತ್ತು.

"ಆನು ಓ ನೆಗೆಟಿವ್. ಹನ್ನೊಂದು ಸಲ ರಕ್ತ ಕೊಟ್ಟಿದ್ದೆ. ನಿನ್ನ ಕಂಪ್ಯೂಟರಿಗೆ ಮಂಡೆ ಕೆಟ್ಟಿಕ್ಕು, ನೋಡು."

ವೆಂಕಟ್ರಮಣ ಹೆಗಡೆಗೆ ನಗು ಬರಲಿಲ್ಲ. ರಕ್ತದಾನಿಗಳ ಬಳಗಕ್ಕೆ ಅವನೇ ಕಾರ್ಯದರ್ಶಿ. ಎಂಟು ದಿನದ ಹಿಂದೆ ಕಿರವತ್ತಿ ಶಾಲೆಯಲ್ಲಿ ನೂರ ಎಂಬತ್ತಾರು ಜನರ ಬೆರಳು ಚುಚ್ಚಿಸಿ, ಗುಂಪು ಪತ್ತೆ ಮಾಡಿಸಿ, ಎಲ್ಲರಿಗೂ ಕಾರ್ಡು ಹಂಚಿ, ಹಾರ ಹಾಕಿಸಿಕೊಂಡು ಬಂದವನು ಅವನೇ. ಹಾರ ಇನ್ನೂ ಅಂಗಡಿಯ ಮೊಳೆಯಲ್ಲಿ ಒಣಗುತ್ತಿತ್ತು.

ಕುರ್ಚಿ ಎಳೆದುಕೊಂಡು ಬಳಗದ ವೆಬ್‌ಸೈಟು ತೆರೆದ. ಶಿಬಿರದ ದಿನ ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲವನ್ನೂ ಅವನು ಟೈಪು ಮಾಡಿದ್ದು ಇಲ್ಲೇ. ಅದೆಲ್ಲ ಯಾವ ದೇಶದ ಬಾಡಿಗೆ ಸರ್ವರಿನಲ್ಲಿ ಹೋಗಿ ಕೂತಿತ್ತೋ ದೇವರಿಗೇ ಗೊತ್ತು. ಗುಂಡಿ ಒತ್ತಿದರೆ ಮಾತ್ರ ಅಚ್ಚುಕಟ್ಟಾದ ಎಕ್ಸೆಲ್ ಫೈಲು ಕೈಗೆ ಬರುತ್ತಿತ್ತು. ಎರಡು ಸಾವಿರದ ಒಂಬತ್ತರಲ್ಲಿ ಯಲ್ಲಾಪುರದ ಇಂಟರ್ನೆಟ್ಟಿಗೆ ಅವಸರ ಎಂಬುದೇ ಗೊತ್ತಿರಲಿಲ್ಲ. ನೀಲಿ ಪಟ್ಟಿ ಅರ್ಧಕ್ಕೆ ಬಂದು ನಿಂತಿತು. ಶಿಬಿರದ ದಿನ ತಾನು ಮಾಡಿದ್ದು ವೆಂಕಟ್ರಮಣನಿಗೆ ಆಗಲೇ ನೆನಪಾಗಿತ್ತು.

ವ್ಯವಸ್ಥೆ ಎಂದರೆ ಪ್ರಾಣ ಬಿಡುವ ಮನುಷ್ಯ ಅವನು. ಮದುವೆಗೆ ಕರೆಯುವವರ ಪಟ್ಟಿಯನ್ನೂ ಅಕ್ಷರಕ್ರಮದಲ್ಲಿ ಬರೆದು ಹೆಂಡತಿ ಲಕ್ಷ್ಮಿಯಿಂದ ಬೈಸಿಕೊಂಡಿದ್ದ. ಆವತ್ತು ವೆಬ್‌ಸೈಟಿನಿಂದ ಬಂದ ಫೈಲಿನಲ್ಲಿ ಜನ ಸಾಲಿನಲ್ಲಿ ನಿಂತ ಕ್ರಮದಲ್ಲೇ ಹೆಸರುಗಳಿದ್ದವು. ಅದು ಅವನ ಕಣ್ಣಿಗೆ ಚುಚ್ಚಿತ್ತು. ಹೆಸರಿನ ಕಾಲಮ್ಮನ್ನು ಹಿಡಿದು ಎ ಯಿಂದ ಝಡ್‌ವರೆಗೆ ಜೋಡಿಸು ಎಂದಿದ್ದ. ಪಕ್ಕದ ಕಾಲಮ್ಮುಗಳನ್ನೂ ಜೊತೆಗೆ ಒಯ್ಯಲೋ, ಇದೊಂದನ್ನೇ ಮುಂದುವರಿಸಲೋ ಎಂದು ಕಂಪ್ಯೂಟರು ಮರ್ಯಾದೆಯಿಂದಲೇ ಕೇಳಿತ್ತು. ಗಡಿಬಿಡಿಯಲ್ಲಿ ಮುಂದುವರಿಸು ಎಂದುಬಿಟ್ಟಿದ್ದ. ಹೆಸರುಗಳು ಎದ್ದು ಹೊಸ ಜಾಗಕ್ಕೆ ಹೋದವು. ರಕ್ತ ಇದ್ದಲ್ಲೇ ಉಳಿಯಿತು.

ಹೊಸ ಫೈಲು ಬಂದಾಗ ಹತ್ತೂವರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬೆರಳಿಟ್ಟು ನೋಡಿದ. ಅರವತ್ತೆರಡು ಕಾರ್ಡು ಹೇಗೋ ತಾನಾಗಿ ಸರಿಬಿದ್ದಿದ್ದವು. ನೂರ ಇಪ್ಪತ್ತನಾಲ್ಕು ತಪ್ಪು.

"ಕಾರ್ಡ್ ನೋಡ್ಕಂಡು ರಕ್ತ ಏರ್ಸೋ ಡಾಕ್ಟರು ಯಾರೂ ಇಲ್ಲೆ. ಪರೀಕ್ಷೆ ಮಾಡೇ ಏರ್ಸ್ತ. ಹೆದರಡ," ಎಂದ ಸುಜಯ.

ಹೆದರದೆ ಇರುವುದು ಹೇಗೆ? ಕಿರವತ್ತಿಯ ಗಂಡಸರಲ್ಲಿ ಅರ್ಧ ಜನ ಕಾಡಿನಲ್ಲಿ ಮರ ಕೊಯ್ಯುವವರು. ಯಾರ ಮೇಲಾದರೂ ದಿಮ್ಮಿ ಉರುಳಿದರೆ, ಕಿಸೆಯಲ್ಲಿ ಈ ಕಾರ್ಡು ಸಿಕ್ಕರೆ? ಮಧ್ಯಾಹ್ನದೊಳಗೆ ಹೊಸ ಕಾರ್ಡು ಅಚ್ಚು ಹಾಕಿ, ಲ್ಯಾಮಿನೇಶನ್ ಮಾಡಿ, ಊಟಕ್ಕೂ ಹೋಗದೆ ಕಿರವತ್ತಿಗೆ ಸ್ಕೂಟರ್ ಹತ್ತಿದ.

ಮನೆಮನೆಯಲ್ಲೂ ಒಂದೇ ಸುಳ್ಳು ಹೇಳಿದ. ಲ್ಯಾಮಿನೇಶನ್ ಸರಿ ಬಂದಿಲ್ಲ, ಹೊಸದು ತಂದಿದ್ದೇನೆ ಎಂದ. ಜನ ಖುಷಿಯಿಂದಲೇ ಬದಲಿಸಿಕೊಂಡರು. ಪಾರ್ವತವ್ವ ತನ್ನ ಕಾರ್ಡಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದ್ದಳು. ಹೆಗಡೇರು ಎಷ್ಟು ಕಾಳಜಿ ಮಾಡುತ್ತಾರೆ ಎಂದು ಯಾರೋ ಹೊಗಳಿದರು. ಆ ಹೊಗಳಿಕೆ ಕೇಳಿ ಅವನಿಗೆ ನಾಚಿಕೆಯಾಯಿತು, ಆದರೂ ಸುಳ್ಳು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಚೀಲದಲ್ಲಿ ಮೂರೇ ಕಾರ್ಡು ಉಳಿದವು. ಮೂರೂ ಸಾಗವಾನಿ ಪ್ಲಾಂಟೇಶನ್ನಿನ ಅಂಚಿನಲ್ಲಿದ್ದ ಮರ ಕೊಯ್ಯುವ ಹುಚ್ಚ ಎಂಬುವನ ಮನೆಯವು.

ಹುಚ್ಚ ಕಾಡಿನಿಂದ ಇನ್ನೂ ಬಂದಿರಲಿಲ್ಲ. ಹೊರಗಿನ ಕಟ್ಟೆಯ ಮೂಲೆಯಲ್ಲಿ ಒಂದು ಖಾಲಿ ತಾಟು, ಒಂದು ಲೋಟ, ಸುತ್ತಿಟ್ಟ ಕಂಬಳಿ ಇದ್ದವು. ಅವನ ಹೆಂಡತಿ ದ್ಯಾವಮ್ಮ ಬಾಗಿಲಲ್ಲೇ ನಿಂತಳು. ಬರ್ರಿ ಎನ್ನಲಿಲ್ಲ.

"ಕಾರ್ಡ ಕೊಡೂದಿಲ್ರಿ," ಎಂದಳು ಅವನ ಮಾತು ಕೇಳಿ.

"ಹೊಸಾದು ತಂದಿದೀನಲ್ಲ ದ್ಯಾವಮ್ಮ. ಹಳೇದರ ಪ್ಲಾಸ್ಟಿಕ್ ಬಿಟ್ಟು ಹೋಗ್ತದೆ."

"ಪ್ಲಾಸ್ಟಿಕ್ ಬಿಡ್ತೈತ್ರಿ. ಅದ್ರಾಗ ಬರದಿದ್ದು ಬಿಡ್ತೈತೇನು?"

ಅವನಿಗೆ ಅರ್ಥವಾಗಲಿಲ್ಲ. ದ್ಯಾವಮ್ಮ ಕಟ್ಟೆಯ ಮೇಲಿನ ತಾಟಿನ ಕಡೆ ನೋಡಿದಳು. "ನಾ ಓದಾಕ ಬಾರದಾಕಿ. ನನ್ನ ಮ್ಯಾಲ ಏನೋ ಬರದೀರಂತ. ನೀವಽ ಓದಿ ಹೇಳ್ರಿ."

ಒಳಗಿನಿಂದ ಮಗಳು ತನುಜಾ ಬಂದಳು. ಯಲ್ಲಾಪುರದಲ್ಲಿ ಎರಡನೇ ಪಿಯುಸಿ ಸೈನ್ಸ್ ಓದುವ ಹುಡುಗಿ. ಅತ್ತು ಅತ್ತು ಕಣ್ಣು ಬಾತುಹೋಗಿದ್ದವು.

"ಅಪ್ಪಂದು ಓ, ಅವ್ವಂದು ಎ, ನಂದು ಎಬಿ ಅಂತ ಐತ್ರಿ ಸರ್. ಹಂಗ ಆಗಾಕ ಬರೂದಿಲ್ಲ ಅಂತ ಪುಸ್ತಕದಾಗ ಐತಿ. ಉಣ್ಣಾಕ ಕುಂತಾಗ ನಾ ನಗಕೋತ ಚಾಷ್ಟಿಗೆ ಅಂದೆ, ಹಂಗಾರ ನಾ ನಿನ್ನ ಮಗಳಲ್ಲಪಾ ಅಂತ." ಅವಳು ಕಟ್ಟೆಯ ಮೇಲಿನ ತಾಟು, ಕಂಬಳಿಯ ಕಡೆ ಕೈ ತೋರಿಸಿದಳು. "ಎಂಟ ದಿನ ಆತ್ರಿ, ಅಪ್ಪ ಒಳಗ ಕಾಲಿಟ್ಟಿಲ್ಲ."

ದಿನವಿಡೀ ವೆಂಕಟ್ರಮಣ ಹೆದರಿದ್ದು ಉರುಳುವ ದಿಮ್ಮಿಗೆ, ಆಸ್ಪತ್ರೆಗೆ. ಒಂದು ಮನೆಯ ಊಟದ ಹೊತ್ತಿನಲ್ಲಿ ಇದು ಹೀಗೆ ಬಂದು ಕೂರುತ್ತದೆ ಎಂದು ಅವನ ಲೆಕ್ಕದಲ್ಲೇ ಇರಲಿಲ್ಲ. ಅಷ್ಟರಲ್ಲಿ ಹುಚ್ಚ ಹೆಗಲ ಮೇಲೆ ಕೊಡಲಿ ಇಟ್ಟುಕೊಂಡು ಅಂಗಳಕ್ಕೆ ಬಂದ. ಬಂದವರನ್ನು ಕಂಡು ತಲೆ ಅಲ್ಲಾಡಿಸಿ, ಹೆಂಡತಿಯ ಕಡೆ ನೋಡದೆ ಕಟ್ಟೆಯ ಅಂಚಿಗೆ ಕೂತ.

"ಹುಚ್ಚಣ್ಣ, ಆ ಕಾರ್ಡು ತಪ್ಪು," ಎಂದ ವೆಂಕಟ್ರಮಣ. "ಲ್ಯಾಬಿನವರ ಮಿಷನ್ನು..."

ಅಷ್ಟು ಹೇಳಿ ನಿಂತ. ಶಿಬಿರಕ್ಕೆ ಬಂದಿದ್ದ ಲ್ಯಾಬಿನವರು ಹುಬ್ಬಳ್ಳಿಯವರು, ಈ ಅಂಗಳಕ್ಕೆ ಬಂದು ಇಲ್ಲ ಎನ್ನುವವರಲ್ಲ. ಮಾತು ಮುಗಿಸಿದರೆ ಆಯಿತು, ಮಾನ ಉಳಿಯುತ್ತಿತ್ತು. ದ್ಯಾವಮ್ಮ ಅವನ ಬಾಯನ್ನೇ ನೋಡುತ್ತಿದ್ದಳು.

"ಮಿಷನ್ನಲ್ಲ. ತಪ್ಪು ನಂದು," ಎಂದ. "ಸಾಲಾಗಿ ನಿಂತವರನ್ನ ನಾನು ಅತ್ತಿತ್ತ ಮಾಡಿದೆ. ಅವರ ಚಪ್ಪಲಿ ಇದ್ದಲ್ಲೇ ಬಿಟ್ಟೆ. ಒಬ್ಬರದ್ದು ಇನ್ನೊಬ್ಬರ ಕಾಲಿಗೆ ಹೋಯ್ತು. ಲ್ಯಾಮಿನೇಶನ್ ಅಂದಿದ್ದೂ ಸುಳ್ಳೇ."

ಮೂರು ಹೊಸ ಕಾರ್ಡನ್ನು ತನುಜಾಳ ಕೈಗೆ ಕೊಟ್ಟ. ಅವಳು ಗಟ್ಟಿಯಾಗಿ ಓದಿದಳು. "ಅಪ್ಪಂದು ಬಿ. ಅವ್ವಂದು ಓ. ನಂದು ಬಿ." ಮತ್ತೊಮ್ಮೆ ಓದಿ, "ಸರಿ ಬರ್ತೈತಿ ಅಪ್ಪಾ," ಎಂದಳು.

ಹುಚ್ಚ ಕೈಯಲ್ಲಿದ್ದ ಕೊಡಲಿಯನ್ನು ಕಟ್ಟೆಗೆ ಒರಗಿಸಿಟ್ಟ. ಮುಖ ಸಡಿಲಾಯಿತು, ನಗುವೂ ಬಂತು. "ಮೊದಲಽ ಬಂದು ಹೇಳಬಾರದಿತ್ತೇನ್ರಿ ಹೆಗಡೇರ?"

"ನಾ ಎಂಟ ದಿನದಿಂದ ಹೇಳಾಕತ್ತಿದ್ನಲ್ಲ," ಎಂದಳು ದ್ಯಾವಮ್ಮ.

ಅವಳು ಹಳೆಯ ಮೂರು ಕಾರ್ಡು ತಂದು ವೆಂಕಟ್ರಮಣನಿಗೆ ಕೊಟ್ಟಳು. ಹುಚ್ಚ ಎದ್ದು ಕಾಲು ತೊಳೆದುಕೊಂಡು ಒಳಗೆ ಹೋಗಿ, ಒಲೆಯ ಪಕ್ಕದ ಗೋಡೆಗೆ ಒರಗಿ ಕೂತ. ಹೊರಡಲೋ ನಿಲ್ಲಲೋ ತಿಳಿಯದೆ ವೆಂಕಟ್ರಮಣ ಸ್ಕೂಟರಿನ ಹತ್ತಿರ ನಿಂತಿದ್ದ.

ದ್ಯಾವಮ್ಮ ಕಟ್ಟೆಯ ಮೇಲಿನ ತಾಟು ಒಳಗೆ ಒಯ್ದಳು. ರೊಟ್ಟಿ, ಪಲ್ಯ ಬಡಿಸಿದಳು. ಗಂಡನ ಮುಂದಿನಿಂದಲೇ ಹಾದು ಹೊರಗೆ ಬಂದು, ಅವನ ತಾಟನ್ನು ಕಟ್ಟೆಯ ಅದೇ ಮೂಲೆಯಲ್ಲಿ ಇಟ್ಟಳು. ಲೋಟಕ್ಕೆ ನೀರು ತುಂಬಿ ಪಕ್ಕದಲ್ಲಿರಿಸಿ, ಸೆರಗಿನಿಂದ ಕೈ ಒರೆಸಿಕೊಂಡು ಒಳಗೆ ಹೋದಳು.