ನೂರು ಮನೆಯ ಕಟ್ಟಳೆ

ಆ ಬೆಳಿಗ್ಗೆ ಗಾಳಿ ಜೋರಾಗಿತ್ತು. ಚಿನ್ನದ ಗಣಿಯ ಕಸ ಸುರಿದು ಬೆಳೆದ ಸೈನೈಡ್ ಗುಡ್ಡದ ಬಿಳಿ ಧೂಳು ಊರಿಗಾಂ ಕಾರ್ಮಿಕರ ಲೈನುಮನೆಗಳ ಮೇಲೆಲ್ಲ ಕವಿದು, ಮುನೇಶ್ವರನ ಮುಂದೆ ಹಚ್ಚಿಟ್ಟ ದೀಪ ಎರಡು ಸಲ ಆರಿಹೋಗಿತ್ತು. ಮೂರನೆಯ ಸಲ ಹಚ್ಚಿ, ಕೈಮುಗಿದು, ಕುಪ್ಪುಸ್ವಾಮಿ ಮಗಳು ಶ್ಯಾಮಲಾಳ ಜೊತೆ ಬಂಗಾರಪೇಟೆಯ ಬಸ್ಸು ಹತ್ತಿದ್ದ. ಈಗ ಅಲ್ಲಿನ ಶಾಲೆಯ ಬಾಗಿಲಲ್ಲಿ ನಿಂತು ಚದುರಂಗದ ಸಮಾರಂಭದ ಬ್ಯಾನರಿನತ್ತ ಕತ್ತೆತ್ತಿದ. ತಮಿಳು ಓದುತ್ತಿದ್ದ ಅವನಿಗೆ ಕನ್ನಡದ ಅಕ್ಷರ ಹತ್ತಿರಲಿಲ್ಲ.

"ಏನಂತ ಬರ್ದವ್ರಮ್ಮಾ?"

ಶ್ಯಾಮಲಾ ತಡೆದು ಹೇಳಿದಳು. "ಬೈರಪ್ಪನವರು ಕಂಡುಹಿಡಿದ ನೂರು ಮನೆ ಚದುರಂಗ ಅಂತ ಐತೆ, ಅಪ್ಪಾ."

"ನನ್ನೆಸ್ರು?"

"ಇಲ್ಲ."

ಗಣಿಯಲ್ಲಿ ಬಡಗಿಯಾಗಿದ್ದಾಗ ಹತ್ತಕ್ಕೆ ಹತ್ತು ಮನೆಯ ಹಲಗೆ ಗೀಚಿದವನು ಕುಪ್ಪುಸ್ವಾಮಿ. ಆನೆಯಂತೆಯೂ ಕುದುರೆಯಂತೆಯೂ ನಡೆಯುವ ಮೇಸ್ತ್ರಿ, ಒಂಟೆಯಂತೆಯೂ ಕುದುರೆಯಂತೆಯೂ ನಡೆಯುವ ದಳವಾಯಿ, ಈ ಎರಡು ಹೊಸ ಕಾಯಿಗಳನ್ನು ಕೆತ್ತಿದವನೂ ಅವನೇ. ಗಣಿಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಬೈರಪ್ಪ ಆಟ ಕಲಿತದ್ದು ಕುಪ್ಪುಸ್ವಾಮಿಯ ಜಗುಲಿಯ ಮೇಲೆ, ಅವನ ಮನೆಯ ಟೀ ಕುಡಿಯುತ್ತ. ಬುದ್ಧಿ ಕೊಟ್ಟವನು ದೇವರು ಎಂದುಕೊಂಡು ಕುಪ್ಪುಸ್ವಾಮಿ ಎಂದೂ ಇದು ನನ್ನದು ಎಂದವನಲ್ಲ.

"ಬಾರ್ಲಾ ಕುಪ್ಪೂ!" ವೇದಿಕೆಯಿಂದ ಬೈರಪ್ಪ ಕೂಗಿದ. ಹೆಗಲ ಮೇಲೆ ಹೊಸ ಶಾಲು. "ನೀನ್ ಬಿಟ್ರೆ ನಂಗ್ಯಾರ್ಲಾ ಜೋಡಿ? ಮಕ್ಳಿಗೆ ಒಂದಾಟ ತೋರ್ಸಾಣ."

"ಬ್ಯಾನರ್ನಾಗೆ ಜೋಡಿ ಕಾಣ್ಲಿಲ್ವಲ್ಲ ಬೈರಪ್ಪಾ."

"ಅಯ್ಯೋ, ಅದು ಪ್ರಿಂಟ್ ಆಕೋರ ಕೆಲ್ಸ ಕಣ್ಲಾ. ಜಾಗ ಸಾಲ್ಲಿಲ್ಲವಂತೆ."

"ನೂರು ಮನೆ ಮಾಡಿದ್ರೂ ಜಾಗ ಸಾಲ್ಲಿಲ್ವಾ?"

ಮಕ್ಕಳು ನಕ್ಕರು. ಬೈರಪ್ಪನೂ ನಕ್ಕ. "ಮನೆಗೋಗಾಣ ಬಾ ಅಪ್ಪಾ," ಎಂದು ಶ್ಯಾಮಲಾ ತೋಳು ಹಿಡಿದೆಳೆದಳು. ಕುಪ್ಪುಸ್ವಾಮಿ ತೋಳು ಬಿಡಿಸಿಕೊಂಡು ಹೋಗಿ ಹಲಗೆಯ ಮುಂದೆ ಕೂತ.

ಬೈರಪ್ಪ ಒಂದು ಕೈಯಲ್ಲಿ ಮೈಕು ಹಿಡಿದೇ ಆಡಿದ. ಕುಪ್ಪುಸ್ವಾಮಿಯ ಮೇಸ್ತ್ರಿಯನ್ನು ಹೊಡೆದಾಗ ಚಪ್ಪಾಳೆಯೋ ಚಪ್ಪಾಳೆ. ಆ ಗದ್ದಲದಲ್ಲಿ ಕುಪ್ಪುಸ್ವಾಮಿಯ ಒಂದು ಕಾಲಾಳು ಅಂಚು ಹಿಡಿದು ನಡೆದು ಕೊನೆಯ ಸಾಲು ಮುಟ್ಟಿತು.

"ನೋಡಿ ಮಕ್ಕಳೇ, ಈಗ ಈ ಕಾಲಾಳು ಮಂತ್ರಿಯಾಗುತ್ತದೆ," ಎನ್ನುತ್ತ ಬೈರಪ್ಪ ಡಬ್ಬಿಯಿಂದ ಇನ್ನೊಂದು ಮಂತ್ರಿಯನ್ನು ತೆಗೆದ.

"ಬ್ಯಾಡ. ನನ್ ಮಂತ್ರಿ ಇನ್ನೂ ಬದ್ಕವ್ನೆ. ಸತ್ತಿರೋ ಕಾಯೇ ಎದ್ದು ಬರ್ಬೇಕು. ಈ ಆಟದ ಕಟ್ಟಳೆ ಅದು."

"ಯಾರ್ಲಾ ಮಾಡಿದ್ ಕಟ್ಟಳೆ?"

ಮೈಕು ಆ ಮಾತನ್ನು ಸಭಾಂಗಣದ ಮೂಲೆಮೂಲೆಗೂ ಒಯ್ದಿತು. ತಮಾಷೆಗೆ ಅಂದ ಬೈರಪ್ಪ ಮೈಕನ್ನು ಬಾಯಿಂದ ಕೆಳಗಿಳಿಸಿದ. ಕುಪ್ಪುಸ್ವಾಮಿಯ ತಮ್ಮ ಸುಬ್ರಮಣಿ ಗಣಿಗೆ ಇಳಿದವನು ಮತ್ತೆ ಮೇಲೆ ಬಾರದ ವರ್ಷ ಹುಟ್ಟಿದ ಕಟ್ಟಳೆ ಅದು. "ಕೆಳಕ್ಕೋದೋನೇ ಮೇಲಕ್ಕೆ ಬರ್ಬೇಕು, ಬೇರೆ ಯಾರ್ ಬಂದ್ರೂ ನಂಗ್ ಬ್ಯಾಡ," ಎಂದು ಕುಪ್ಪುಸ್ವಾಮಿ ಜಗುಲಿಯಲ್ಲಿ ಹೇಳಿದ ದಿನ ಎದುರಿಗೆ ಕೂತು ಕಣ್ಣೊರೆಸಿಕೊಂಡವನು ಇದೇ ಬೈರಪ್ಪ.

"ಯೇಳು ಬೈರಪ್ಪಾ," ಕುಪ್ಪುಸ್ವಾಮಿ ಹಲಗೆಯ ಮೇಲೆ ಅಂಗೈ ಚಾಚಿದ. "ಯಾರ್ ಮಾಡಿದ್ದು? ಮೈಕ್ನಾಗೇ ಯೇಳು."

ಬೈರಪ್ಪ ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ತರರನ್ನು ನೋಡಿದ, ಬ್ಯಾನರನ್ನು ನೋಡಿದ. ಹೆಬ್ಬೆರಳಿನಿಂದ ಮೈಕಿನ ಗುಂಡಿ ಒತ್ತಿ ಆರಿಸಿದ. ಆಮೇಲೆ ಹೊಡೆದ ಕಾಯಿಗಳ ರಾಶಿಯಿಂದ ಮೇಸ್ತ್ರಿಯನ್ನು ಹುಡುಕಿ, ತಲೆಯೆತ್ತದೆ, ಆ ಅಂಗೈಯಲ್ಲಿಟ್ಟ.